ಮನ್ಯಾಗ ಕೂತು ಡಿಗ್ರಿ ಆದೀತು, ಗೆಳತ್ಯಾರು?

"ಹಾಸ್ಟೆಲ್ ಯಾಕ? ಈಗ ಡಿಗ್ರೀನೂ ಆನ್‌ಲೈನ್ ಸಿಗ್ತದ, ಹುಡುಗಿ ಕಣ್ಣೆದುರಿಗೆ ಇರ್ತಾಳ" ಅಂತ ನಮ್ಮ ವೈನಿ ಸಣ್ಣಾಕಿ ಅಡ್ಮಿಶನ್ ತೀರ್ಮಾನ ಮಾಡೇ ಬಿಟ್ಟಾರ. ವೈನಿ, ಸಿಟ್ಟಾಗಬ್ಯಾಡ್ರಿ, ನಾ ಒಪ್ಪಂಗಿಲ್ಲ.

2020ರಾಗ ನನ್ನ ಮಗಳದು ಡಿಗ್ರಿ ಮೊದಲ ವರ್ಷ, ಕಾಲೇಜು ಬಂದ್, ಪಾಠ ಫೋನಿನಾಗ. ಪರದೆ ಮ್ಯಾಲೆ 60 ಹೆಸರು, ಒಂದೂ ಮುಖ ಇಲ್ಲ. ನೆಟ್ ಉಳಿಸ್ಲಿಕ್ಕೆ ಎಲ್ಲಾರ ಕ್ಯಾಮೆರಾನೂ ಬಂದ್. ಪಾಠ ಮುಗಿದ ಕೂಡಲೇ ಎಲ್ಲಾರೂ ಮಾಯ. ವಾಟ್ಸಾಪ್ ಗ್ರೂಪ್ ಇತ್ತು, ಖರೆ. "ನೋಟ್ಸ್ ಕಳಸ್ರಿ", "ಅಟೆಂಡೆನ್ಸ್ ಆತೇನು", ಇಷ್ಟ ಮಾತು. ಪಿಯುಸಿಯಿಂದ ಪರಿಚಯ ಇದ್ದವರು ತಮ್ಮೊಳಗ ಬ್ಯಾರೆ ಗ್ರೂಪ್ ಮಾಡ್ಕೊಂಡ್ರು. ಯಾರೂ ಪರಿಚಯ ಇಲ್ಲದ ನಮ್ಮಾಕಿ ಹೊರಗ ಉಳದ್ಲು. ನಮ್ಮನಿ ಕಥಿ ಅಷ್ಟ ಅಲ್ರೀ ಇದು. ಅದೇ ವರ್ಷ ಸ್ವಿಟ್ಜರ್ಲೆಂಡಿನಾಗ ವಿದ್ಯಾರ್ಥಿಗಳನ್ನ ಕೇಳಿ ನೋಡಿದವರಿಗೂ ಹಿಂಗ ಕಂಡಿತ್ತು: ಕೂಡಿ ಓದೋದು ಕಮ್ಮಿ, ಒಬ್ಬೊಬ್ಬರೇ ಓದೋರು ಹೆಚ್ಚು.

ಗೆಳತ್ಯಾರು ಪಾಠದಾಗ ಎಲ್ಲಿ ಸಿಗ್ತಾರ? ಬಸ್ ತಪ್ಪಿದಾಗ, ಡಬ್ಬಿ ಬಿಚ್ಚಿದಾಗ, ಫೀ ಕಟ್ಟೋ ಪಾಳಿಯೊಳಗ ಸಿಗ್ತಾರ. ನಿಮಗ ನೌಕರಿ ಅರ್ಜಿ ತಂದು ಕೊಟ್ಟಾಕಿ ಯಾರು, ವೈನಿ? ಹಾಸ್ಟೆಲ್ ರೂಮಿನ ಗೆಳತಿ ಅಲ್ಲೇನು? ಇವತ್ತಿಗೂ ದೀಪಾವಳಿಗೆ ಆಕಿ ಚಕ್ಕಲಿ ಬರ್ತದ.

ನೌಕರಿ ಮಾಡಾಕಿಗೆ, ಕೂಸು ಕಟಗೊಂಡಾಕಿಗೆ ಆನ್‌ಲೈನ್ ಛೊಲೋನ. ಹದಿನೆಂಟರ ಹುಡುಗಿಗೆ ಯಾಕ? ಅಂಜಿಕಿ ಇದ್ರ ಅಂಜಿಕಿ ಅನ್ರಿ, ಅನುಕೂಲ ಅನಬ್ಯಾಡ್ರಿ. ಫೀ ಚಿಂತಿ ಇದ್ರ ಕೂಡಿ ನೋಡೂಣು. ಫಾರ್ಮ್ ತುಂಬಲಿಕ್ಕೆ ಇನ್ನೂ ದಿನ ಅವ.