ನಾಯಿಮರಿಯ ಭಯ

ಕಳೆದ ದೀಪಾವಳಿಯ ಸಮಯದಲ್ಲಿ ಡೊಂಬಿವಲಿಯ ನಮ್ಮ ವಠಾರದ ಮೆಟ್ಟಿಲ ಕೆಳಗೆ ನಾಯಿಮರಿಯೊಂದು ಅಡಗಿಕೊಂಡಿದ್ದಿತು. ಪಟಾಕಿ ಸಿಡಿದಾಗಲೆಲ್ಲ ಅದು ಗಡಗಡನೆ ನಡುಗುತ್ತಿತ್ತು. “ಇದರ ಹೆದರಿಕೆ ಬಿಡಿಸುತ್ತೇವೆ, ಗುರುಗಳೇ” ಎಂದು ಕೆಲವು ಬಾಲಕರು ಅದನ್ನು ಎಳೆತಂದು ಪಟಾಕಿಯ ಸಮೀಪದಲ್ಲಿಯೇ ನಿಲ್ಲಿಸಿದರು. ಅವರ ಉದ್ದೇಶ ಕೆಟ್ಟದ್ದಾಗಿರಲಿಲ್ಲ. ಆದರೆ ಅಂದಿನಿಂದ ಆ ಮರಿ ಮನುಷ್ಯರ ಕೈಯನ್ನು ಕಂಡರೂ ಓಡತೊಡಗಿತು. ನಾವು ಅಲ್ಲಿಯೇ ಇದ್ದೆವು, ಬೇಡವೆನ್ನಲು ತಡಮಾಡಿದೆವು. ಆ ತಪ್ಪಿನಲ್ಲಿ ನಮಗೂ ಪಾಲುಂಟು.

ಭಯವನ್ನು ಬಲಾತ್ಕಾರದಿಂದ ಬಿಡಿಸಲಾಗದೆಂಬುದೇ ನಮ್ಮ ಅಭಿಪ್ರಾಯ. ಅಮೆರಿಕದ ಸ್ಕಾಟ್ ಮತ್ತು ಫುಲ್ಲರ್ ಎಂಬ ವಿಜ್ಞಾನಿಗಳು 1965ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಮರಿಯ ಸ್ವಭಾವವು ರೂಪುಗೊಳ್ಳಲು 3ನೆಯ ವಾರದಿಂದ ಸುಮಾರು 12ನೆಯ ವಾರದವರೆಗಿನ ಕಾಲ ಬಹು ಮುಖ್ಯವೆಂದು ತೋರಿಸಿದರು. ಆಗ ಕಂಡ ಕೈ ಮೃದುವಾಗಿದ್ದರೆ ಮರಿಯು ಮನುಷ್ಯನನ್ನು ನಂಬುತ್ತದೆ. ಆ ಕಾಲ ಮೀರಿದ ಮೇಲೂ ಧೈರ್ಯ ಕಲಿಸಬಹುದು. ತಾಳ್ಮೆ ಮಾತ್ರ ಹೆಚ್ಚು ಬೇಕು.

ಅದೇ ಬಾಲಕರು ಆಮೇಲೆ ಪ್ರತಿ ಸಂಜೆ ದೂರದಲ್ಲಿ ಸುಮ್ಮನೆ ಕುಳಿತು ಚಪಾತಿಯ ಚೂರೊಂದನ್ನು ಇಡತೊಡಗಿದರು. ದಿಟ್ಟಿಸಿ ನೋಡಲಿಲ್ಲ, ಹಿಡಿಯಲು ಹೋಗಲಿಲ್ಲ. ದಿನದಿಂದ ದಿನಕ್ಕೆ ಅಂತರ ಒಂದೊಂದು ಗೇಣು ಕಡಿಮೆಯಾಯಿತು. ಮೂರು ವಾರಗಳ ತರುವಾಯ ಮರಿ ತಾನಾಗಿಯೇ ಬಂದು ಕೈ ಮೂಸಿತು. ಪಟಾಕಿಗೆ ಅದು ಇಂದಿಗೂ ಹೆದರುತ್ತದೆ. ಆದರೆ ಹೆದರಿದಾಗ ಅಡಗಲು ಈ ಬಾಲಕರ ಬಳಿಗೇ ಓಡಿಬರುತ್ತದೆ. (ಬೀದಿನಾಯಿಯ ಬಳಿಗೆ ಹಿರಿಯರಿಲ್ಲದೆ ಹೋಗಕೂಡದು. ಹಲ್ಲು ತಾಗಿದರೆ, ಗಾಯವನ್ನು 15 ನಿಮಿಷ ಸಾಬೂನು ನೀರಿನಿಂದ ತೊಳೆದು ಕೂಡಲೇ ವೈದ್ಯರನ್ನು ಕಾಣಬೇಕು.)

ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ, ಹಂದಿಯೊಡನೆ ಹೋರಾಡಿ ಮಡಿದ ಕಾಳಿಯೆಂಬ ನಾಯಿಗೆ ಕ್ರಿ.ಶ. 949-50ರಲ್ಲಿ ವೀರಗಲ್ಲನ್ನು ನಿಲ್ಲಿಸಿದರು. ಆ ಕಾಳಿಯೂ ಒಂದು ಕಾಲಕ್ಕೆ ಮರಿಯೇ ಆಗಿದ್ದಿತಷ್ಟೆ!

ಕನ್ನಡ ಶಾಲೆಯಲ್ಲಿ ಕಲಿತ ನಾವು ಈ ಊರಿಗೆ ಬಂದ ಹೊಸತರಲ್ಲಿ, ಡೊಂಬಿವಲಿ ನಿಲ್ದಾಣದ ಜನಸಂದಣಿಗೆ ಅಂಜಿ ಗಾಡಿಯ ಮೇಲೆ ಗಾಡಿ ಬಿಟ್ಟು ನಿಂತದ್ದುಂಟು. ನೆರೆಮನೆಯ ಮರಾಠಿ ಹಿರಿಯರೊಬ್ಬರು ನಗಲಿಲ್ಲ. ಜನ ಕಡಿಮೆಯಿರುವ ಮಧ್ಯಾಹ್ನದ ಗಾಡಿಯಲ್ಲಿ ಜೊತೆಗೆ ಕೂರಿಸಿಕೊಂಡು ಠಾಣೆಯವರೆಗೆ ಹೋಗಿಬರುವ ಅಭ್ಯಾಸ ಮಾಡಿಸಿದರು.

ವಿದ್ಯಾರ್ಥಿಗಳೇ, ನಿಮ್ಮ ತರಗತಿಗೆ ಊರಿನಿಂದ ಹೊಸದಾಗಿ ಬಂದು ಬಾಯಿ ಬಿಡಲು ಅಂಜುವ ಗೆಳೆಯನಿರಬಹುದು. ಅವನನ್ನು ಮುಂದಕ್ಕೆ ತಳ್ಳಬೇಡಿರಿ, ನಗಬೇಡಿರಿ. ಬೆಂಚಿನಲ್ಲಿ ಪಕ್ಕಕ್ಕೆ ಸರಿದು ಅವನಿಗೆ ಸ್ಥಳ ಕೊಡಿರಿ.