ಬೆಳಗ್ಗೆ ನೋಡೋಣ ಅಂದ ರಾತ್ರಿ

ಕಳೆದ ವಾರ ಪಕ್ಕದ ತೋಟದ ಅಣ್ಣ ಬೆಳಗ್ಗೆ ಆರಕ್ಕೇ ಫೋನ್ ಮಾಡಿ, "ನಮ್ ನಾಯಿ ರಾತ್ರಿಯಿಂದ ಜೊಲ್ಲು ಸುರಿಸ್ತಾ ಇದೆ ಕಣಪ್ಪ, ಮೈಯೆಲ್ಲಾ ಅದುರ್ತಿದೆ, ಏನ್ ಕೊಡ್ಲಿ?" ಅಂತ ಕೇಳಿದ್ರು. "ಏನೂ ಕೊಡ್ಬೇಡಿ, ಮೊದಲು ಗಾಡಿ ತೆಗೀರಿ" ಅಂದೆ. ಅವರು ಗಾಡಿ ತೆಗೆಯೋಷ್ಟರಲ್ಲಿ ನಾಯಿ ಹೋಗಿತ್ತು. ಹಿಂದಿನ ಸಂಜೆ ಟೊಮೊಟೊಗೆ ಹುಳದ ಔಷಧಿ ಹೊಡೆದು ಕ್ಯಾನ್ ತೊಳೆದ ನೀರು ತೊಟ್ಟಿ ಪಕ್ಕದ ಗುಂಡೀಲಿ ನಿಂತಿತ್ತಂತೆ. ರಾತ್ರಿ ಹತ್ತಕ್ಕೇ ಜೊಲ್ಲು ಕಂಡಿದ್ರು. ಬೆಳಗ್ಗೆ ನೋಡೋಣ ಅಂತ ಮಲಗಿದ್ರು.

ಅವರನ್ನ ಬೈಯೋಕೆ ಇದನ್ನ ಬರೀತಿಲ್ಲ. ಮೂರು ವರ್ಷದ ಹಿಂದೆ ಅದೇ ಮಾತನ್ನ ನಾನೂ ಆಡಿದ್ದೆ.

ಕೊಬ್ಬರಿ ಅಟ್ಟದಲ್ಲಿ ಇಲಿ ಕಾಟ ನಿಮಗೆಲ್ಲ ಗೊತ್ತಿರೋದೇ. ಆ ವರ್ಷ ತಡೆಯೋಕಾಗದೆ ಅಂಗಡಿಯಿಂದ ಇಲಿ ಕೇಕ್ ತಂದು ಹಾಕಿದ್ದೆ. ಮಾರನೇ ದಿನ ಒಂದು ಕೇಕ್ ಕಾಣಲಿಲ್ಲ. ಇಲಿ ಎಳ್ಕೊಂಡು ಹೋಗಿರುತ್ತೆ ಅಂದ್ಕೊಂಡೆ. ನಮ್ಮ ಕರಿಯ ಮೂರು ದಿನ ಚೆನ್ನಾಗೇ ಓಡಾಡಿಕೊಂಡಿದ್ದ. ನಾಲ್ಕನೇ ದಿನ ಮಂಕಾಗಿ ಕೊಟ್ಟಿಗೆ ಮೂಲೆ ಸೇರಿದ. ಬಿಸಿಲಿಗೆ ಹೀಗಾಗಿದೆ ಅಂತ ಮಜ್ಜಿಗೆ ಅನ್ನ ಇಟ್ಟೆ, ಮೂಸಿಯೂ ನೋಡಲಿಲ್ಲ. ರಾತ್ರಿ ಮೂಗಿನಲ್ಲಿ ಒಂದೆರಡು ಹನಿ ರಕ್ತ. "ರೀ, ಡಾಕ್ಟರ್‌ಗೆ ಒಂದು ಫೋನಾದ್ರೂ ಮಾಡಿ" ಅಂದ್ಲು ನನ್ನ ಹೆಂಡತಿ. ಬೆಳಗ್ಗೆ ನೋಡೋಣ ಅಂದೆ. ಬೆಳಗ್ಗೆ ಹಾಲು ಕರೆಯೋಕೆ ಹೋದಾಗ ತಣ್ಣಗಾಗಿದ್ದ.

ಆಮೇಲೆ ಹಸುವಿಗೆ ಲಸಿಕೆ ಹಾಕೋಕೆ ಬಂದ ಡಾಕ್ಟರ್ ಹತ್ರ ಹೇಳಿದಾಗ ವಿಷಯ ಗೊತ್ತಾಯ್ತು. ಆ ಕೇಕಿನಲ್ಲಿ ಇರೋದು ಬ್ರೋಮಡಯಲೋನ್. ತಿಂದ ತಕ್ಷಣ ಏನೂ ಆಗಲ್ಲ. ರಕ್ತ ಹೆಪ್ಪುಗಟ್ಟೋಕೆ ಬೇಕಾದ ವಿಟಮಿನ್ ಕೆ ಕೆಲಸವನ್ನ ಅದು ನಿಲ್ಲಿಸುತ್ತೆ. ಮೈಯಲ್ಲಿ ಮೊದಲೇ ಇದ್ದದ್ದು ಖಾಲಿಯಾಗೋಕೆ ಮೂರು, ನಾಲ್ಕು, ಐದು ದಿನ ಬೇಕು. ಆಮೇಲೆ ಎದೆಯೊಳಗೆ, ಹೊಟ್ಟೆಯೊಳಗೆ ಎಲ್ಲೆಂದರಲ್ಲಿ ರಕ್ತ ಸೋರುತ್ತೆ. ಇದಕ್ಕೆ ಮದ್ದಿದೆ, ವಿಟಮಿನ್ ಕೆ-1. ಕೇಕ್ ಕಾಣೆಯಾದ ದಿನವೇ ಹೋಗಿದ್ರೆ ವಾಂತಿ ಮಾಡಿಸಿ, ಮೂರ್ನಾಲ್ಕು ವಾರ ಮಾತ್ರೆ ಕೊಟ್ಟು ಉಳಿಸಬಹುದಿತ್ತಂತೆ. ಅಂದ್ರೆ ನನಗೆ ನಾಲ್ಕು ದಿನ ಟೈಮ್ ಇತ್ತು.

ಅದೇ ರಾತ್ರಿ ಹಸು ಹೊಟ್ಟೆ ಉಬ್ಬರಿಸಿಕೊಂಡಿದ್ರೆ ನಾನು ಮಲಗ್ತಿದ್ನಾ? ಕರು ಅಡ್ಡ ಸಿಕ್ಕಿಕೊಂಡ್ರೆ, ಕರು ಹಾಕಿದ ಹಸು ಹಾಲು ಜ್ವರಕ್ಕೆ ಕುತ್ತಿಗೆ ತಿರುಗಿಸಿಕೊಂಡು ಬಿದ್ರೆ, ನಾವು ರಾತ್ರಿ ಎರಡು ಗಂಟೆಗೂ ಡಾಕ್ಟರ್ ಮನೆ ಬಾಗಿಲು ಬಡೀತೀವಿ. ದನದ ವಿಷಯದಲ್ಲಿ ಯಾವುದು ತುರ್ತು ಯಾವುದು ಅಲ್ಲ ಅಂತ ನಮ್ಮ ಅಪ್ಪಂದಿರು ಹೇಳಿಕೊಟ್ಟಿದ್ದಾರೆ. ನಾಯಿ ಬೆಕ್ಕಿನ ವಿಷಯದಲ್ಲಿ ಯಾರೂ ಹೇಳಿಕೊಟ್ಟಿಲ್ಲ. ನಮಗೆ ಪ್ರೀತಿ ಕಮ್ಮಿ ಅಂತ ನಾನು ಒಪ್ಪಲ್ಲ. ನಮಗೆ ನೋಡೋಕೆ ಬರಲ್ಲ, ಅಷ್ಟೇ.

ನಾನು ಆಮೇಲೆ ಕಲಿತದ್ದರಲ್ಲಿ ಎಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು ವಸಡು ನೋಡೋದು. ತುಟಿ ಮೇಲೆತ್ತಿ ವಸಡು ನೋಡಿ. ಆರೋಗ್ಯವಾಗಿದ್ದಾಗ ನಮ್ಮದರ ಹಾಗೇ ಗುಲಾಬಿ ಬಣ್ಣ. ಬೆರಳಲ್ಲಿ ಒತ್ತಿ ಬಿಟ್ರೆ ಬಿಳಿಯಾದ ಜಾಗ ಎರಡು ಸೆಕೆಂಡಿನೊಳಗೆ ಮತ್ತೆ ಗುಲಾಬಿಯಾಗಬೇಕು. ಸುಣ್ಣದ ಹಾಗೆ ಬಿಳಿಚಿದ್ರೆ ರಕ್ತ ಹೋಗ್ತಿದೆ ಅಥವಾ ರಕ್ತದ ಓಟ ನಿಲ್ತಾ ಬಂದಿದೆ. ನೀಲಿಗೆ ತಿರುಗಿದ್ರೆ ಉಸಿರು ಸಾಲ್ತಿಲ್ಲ. ಈ ಎರಡಕ್ಕೂ ಬೆಳಗ್ಗೆ ಅನ್ನೋದೇ ಇಲ್ಲ, ಆ ಕ್ಷಣವೇ ಹೊರಡಬೇಕು. ಹಳದಿಯಾಗಿದ್ರೆ ಲಿವರ್ ಅಥವಾ ರಕ್ತದ ತೊಂದರೆ, ಅವತ್ತೇ ತೋರಿಸಬೇಕು. ಕೆಲವು ನಾಯಿಗಳ ವಸಡು ಹುಟ್ಟಿನಿಂದಲೇ ಕಪ್ಪು, ಅವಕ್ಕೆ ಕಣ್ಣಿನ ಕೆಳರೆಪ್ಪೆ ಎಳೆದು ಒಳಗಡೆ ನೋಡಿ. ಚೆನ್ನಾಗಿರುವಾಗಲೇ ಒಂದ್ಸಲ ನೋಡಿಟ್ಟುಕೊಳ್ಳಿ, ಇಲ್ಲದಿದ್ರೆ ಬಿಳಿಚಿದ್ದು ಯಾವುದು ಅಂತ ಆ ಗಾಬರೀಲಿ ಗೊತ್ತಾಗಲ್ಲ. ಕರಿಯ ಮಂಕಾದ ದಿನ ತುಟಿ ಎತ್ತಿ ನೋಡಿದ್ರೆ ನಾನು ಮಜ್ಜಿಗೆ ಅನ್ನ ಕಲಸ್ತಾ ಕೂರ್ತಿರಲಿಲ್ಲ.

ಒಂದು ಎಚ್ಚರಿಕೆ. ನಾಯಿಯ ದವಡೆ ಜೋತುಬಿದ್ದು ಜೊಲ್ಲು ಸುರೀತಿದ್ರೆ, ಬೊಗಳುವ ದನಿ ಬದಲಾಗಿದ್ರೆ, ಮನೆಯವರನ್ನೇ ಗುರುತು ಹಿಡೀದೆ ಆಡ್ತಿದ್ರೆ, ಗಂಟಲಲ್ಲಿ ಮೂಳೆ ಸಿಕ್ಕಿದೆ ಅಂತ ಬಾಯಿಗೆ ಕೈ ಹಾಕಬೇಡಿ. ಅದು ಹುಚ್ಚು ರೋಗವೂ ಇರಬಹುದು. ಕೂಡಿ ಹಾಕಿ ಡಾಕ್ಟರ್‌ಗೆ ತಿಳಿಸಿ. ಜೊಲ್ಲು ಗಾಯಕ್ಕೆ ತಾಗಿದ್ರೆ ಸೋಪು ನೀರಲ್ಲಿ 15 ನಿಮಿಷ ತೊಳೆದು ಅವತ್ತೇ ಇಂಜೆಕ್ಷನ್‌ಗೆ ಹೋಗಿ.

ವಿಷದ ವಿಷಯಕ್ಕೆ ಬಂದ್ರೆ, ಪಕ್ಕದ ತೋಟದಲ್ಲಿ ಆದದ್ದು ಹುಳದ ಔಷಧಿಯ ಕಥೆ ಅಂತಲೇ ನನ್ನ ಅಂದಾಜು. ಜೊಲ್ಲು, ಕಣ್ಣೀರು, ನಿಂತಲ್ಲೇ ಮೂತ್ರ, ಕಣ್ಣಿನ ಪಾಪೆ ಸೂಜಿ ಮೊನೆಯಷ್ಟಾಗೋದು, ಮಾಂಸಖಂಡ ಅದುರೋದು. ಅಟ್ರೋಪಿನ್ ಇಂಜೆಕ್ಷನ್ ಸಮಯಕ್ಕೆ ಬಿದ್ರೆ ಉಳಿಯೋ ನಾಯಿಗಳು ಬೇಕಾದಷ್ಟಿವೆ. ಇಲಿಗೆ ಇಡೋ ಕರಿ ಪುಡಿ, ಜಿಂಕ್ ಫಾಸ್ಫೈಡ್, ಇನ್ನೂ ಕೆಟ್ಟದ್ದು. ಹೊಟ್ಟೆಯೊಳಗೆ ವಿಷದ ಗಾಳಿಯಾಗುತ್ತೆ, ಅದಕ್ಕೆ ಅಂತ ಬೇರೆ ಮದ್ದಿಲ್ಲ, ಗಂಟೆಗಳಲ್ಲೇ ಮುಗಿಯುತ್ತೆ. ನಮ್ಮಲ್ಲಿ ಯಾವ ವಿಷಕ್ಕೂ ಹಾಲು, ಕೊಬ್ಬರಿ ಎಣ್ಣೆ, ಉಪ್ಪು ನೀರು ಹುಯ್ಯೋ ಅಭ್ಯಾಸ ಇದೆ. ದಯವಿಟ್ಟು ಬಿಡಿ. ಎಣ್ಣೆ ಜಿಡ್ಡಿಗೆ ಕೆಲವು ವಿಷ ಇನ್ನೂ ಬೇಗ ಮೈಗೆ ಹತ್ತುತ್ತೆ, ಮಂಪರಲ್ಲಿರೋ ನಾಯಿಗೆ ಹುಯ್ದದ್ದು ಶ್ವಾಸಕೋಶಕ್ಕೆ ಇಳಿಯುತ್ತೆ. ತಿಂದದ್ದರ ಪ್ಯಾಕೆಟ್ಟೋ ಬಾಟಲಿಯೋ ಸಿಕ್ಕಿದ್ರೆ ಜೇಬಿಗೆ ಹಾಕ್ಕೊಂಡು ಹೊರಡಿ. ಡಾಕ್ಟರ್ ಕೇಳೋ ಮೊದಲ ಪ್ರಶ್ನೆ ಅದೇ.

ಕರಿಯನ ನಂತರ ಬಂದವಳು ಚಿನ್ನಿ. ಹೋದ ಮಳೆಗಾಲದಲ್ಲಿ ಸಂಜೆ ತೆಂಗಿನ ಗರಿ ರಾಶಿ ಹತ್ರ ಕುಯ್ ಅಂದು ಓಡಿ ಬಂದ್ಲು. ಅರ್ಧ ಗಂಟೇಲಿ ಮೂತಿ ಒಂದು ಕಡೆ ಊದಿತು. ಅಪ್ಪ ಕಣಜ ಕಚ್ಚಿರಬೇಕು, ಸುಣ್ಣ ಹಚ್ಚು ಅಂದ್ರು. ಊದಿದ ಜಾಗದಲ್ಲಿ ಒಂದು ಚುಚ್ಚಿದ ಗುರುತಿಂದ ರಕ್ತ ಸಣ್ಣಗೆ ಬರ್ತಾನೇ ಇತ್ತು, ಒರೆಸಿದ್ರೂ ನಿಲ್ಲಲಿಲ್ಲ. ನಮ್ಮ ಕಡೆ ಗರಿ ರಾಶಿಯಲ್ಲಿ ಕೊಳಕುಮಂಡಲ ಇರೋದು ಹೊಸದೇನಲ್ಲ. ಗೋಣಿಚೀಲದಲ್ಲಿ ಮಲಗಿಸಿ, ತಮ್ಮ ಬೈಕ್ ಓಡಿಸಿದ, ನಾನು ಹಿಂದೆ ಹಿಡಿದು ಕೂತೆ. ನಡೆಸಬಾರದು, ಕಟ್ಟು ಕಟ್ಟಬಾರದು, ಕುಯ್ಯಬಾರದು. ಮನುಷ್ಯರಿಗೆ ಕೊಡೋ ಆ್ಯಂಟಿವೆನಮ್ಮೇ ನಾಯಿಗೂ ಕೊಡೋದು. ನಾಗರ ಅಥವಾ ಕಟ್ಟುಹಾವಾದ್ರೆ ಊತಕ್ಕೆ ಕಾಯಬೇಡಿ. ಕಟ್ಟುಹಾವಿನ ಗುರುತೇ ಕಾಣಲ್ಲ. ಕಾಲು ತಡವರಿಸೋದು, ರೆಪ್ಪೆ ಜೋತು ಬೀಳೋದು, ಕೊನೆಗೆ ಉಸಿರೇ ನಿಲ್ಲೋದು, ಹಾಗೆ ಹೋಗುತ್ತೆ ಅದು.

ಚಿನ್ನಿ ಮೂರು ದಿನ ಡ್ರಿಪ್ ಮೇಲಿದ್ದು ಎದ್ದಳು. ಎಲ್ಲಾ ಸೇರಿ 7,000 ಹತ್ರ ಆಯ್ತು. "ಬೀದಿ ನಾಯಿಗೆ ಏಳು ಸಾವಿರವಾ, ಆ ದುಡ್ಡಿಗೆ ಎರಡು ಕುರಿಮರಿ ಬರ್ತಿತ್ತಲ್ಲ" ಅಂತ ಅರಳಿಕಟ್ಟೇಲಿ ಕೂತವರು ಅಂದ್ರು. ಅವರ ಮಾತಲ್ಲಿ ನ್ಯಾಯ ಇಲ್ಲ ಅಂತ ನಾನು ಹೇಳಲ್ಲ. ಕೊಬ್ಬರಿ ರೇಟು ಬಿದ್ದ ವರ್ಷ ನನ್ನ ಕೈಲೂ ಆಗ್ತಿರಲಿಲ್ಲ. ಆದ್ರೆ ತುರ್ತಾಗಿ ಹೋಗೋದು ಬೇರೆ, ಸಾವಿರಗಟ್ಟಲೆ ಸುರಿಯೋದು ಬೇರೆ. ಹೋದ ಮೇಲೆ ಡಾಕ್ಟರ್ ಉಳಿಯಲ್ಲ ಅಂದ್ರೆ, ಅಥವಾ ನಮ್ಮ ಕೈಲಿ ಆಗಲ್ಲ ಅಂದ್ರೆ, ನೋವಿಲ್ಲದೆ ಕಳಿಸಿಕೊಡೋ ಇಂಜೆಕ್ಷನ್ ಇದೆ. ಅದೂ ಒಂದು ಚಿಕಿತ್ಸೆಯೇ ಅಂತ ನನ್ನ ಅಭಿಪ್ರಾಯ. ರಾತ್ರಿಯೆಲ್ಲಾ ಮೂಲೇಲಿ ಒದ್ದಾಡಿ ಸಾಯೋಕೆ ಬಿಡೋದು ಮಾತ್ರ ಉಳಿತಾಯ ಅಲ್ಲ. ನಮ್ಮ ಅಡ್ಡ ಕಾಯೋಕೆ ಅದು ಕೂಲಿ ಕೇಳಿದ್ದಿಲ್ಲವಲ್ಲ.

ಇನ್ನೆರಡು ಹೇಳಿಬಿಡ್ತೀನಿ, ಯಾಕಂದ್ರೆ ಇವು ನೋಡೋಕೆ ಸಣ್ಣದಾಗಿ ಕಾಣ್ತವೆ. ಮುಧೋಳದಂಥ ಎದೆ ಆಳವಾಗಿರೋ ನಾಯಿ ಊಟ ಆದ ಮೇಲೆ ವಾಂತಿಗೆ ಮತ್ತೆ ಮತ್ತೆ ಯತ್ನಿಸಿ ಏನೂ ಬರದೆ, ಹೊಟ್ಟೆ ತಮಟೆಯ ಹಾಗೆ ಬಿಗಿದ್ರೆ ಜಠರ ತಿರುಚಿಕೊಂಡಿರಬಹುದು. ದನದ ಉಬ್ಬರಕ್ಕೆ ಕೊಡೋ ಎಣ್ಣೆ ಇದಕ್ಕೆ ನಡೆಯಲ್ಲ, ಆಪರೇಷನ್ನೇ. ಇನ್ನೊಂದು, ಗಂಡು ಬೆಕ್ಕು ಮಣ್ಣು ಕೆರೆದು ಕೂತು ಮುಕ್ಕುತ್ತೆ, ಮೂತ್ರ ಬರಲ್ಲ. ಮಲಬದ್ಧತೆ ಅಂತ ಹರಳೆಣ್ಣೆ ಕುಡಿಸ್ತೀವಿ. ಮೂತ್ರ ಕಟ್ಟಿದ ಬೆಕ್ಕು ಒಂದೆರಡು ದಿನದಲ್ಲಿ ಸಾಯುತ್ತೆ. ಬೆಕ್ಕಿಗೆ ಜ್ವರದ ಮಾತ್ರೆ ಅಂತ ನಮ್ಮ ಪ್ಯಾರಸಿಟಮಾಲ್ ಅರ್ಧ ಮುರಿದು ಕೊಡೋರೂ ಇದ್ದಾರೆ. ಬೆಕ್ಕಿಗೆ ಅದು ವಿಷ.

ಎಲ್ಲದಕ್ಕೂ ಓಡಿ ಅಂತಲೂ ಅಲ್ಲ. ಗರಿಕೆ ತಿಂದು ಒಂದ್ಸಲ ವಾಂತಿ ಮಾಡಿ ಬಾಲ ಆಡಿಸ್ತಿದ್ರೆ, ಒಂದು ಹೊತ್ತು ಊಟ ಬಿಟ್ರೆ, ಮುಳ್ಳು ಚುಚ್ಚಿ ಕುಂಟ್ತಿದ್ರೆ ಕಾಯಬಹುದು. ನನ್ನ ತಮ್ಮ ಈಗ ಚಿನ್ನಿ ಸೀನಿದ್ರೂ ಬೈಕ್ ಸ್ಟಾರ್ಟ್ ಮಾಡ್ತಾನೆ, ಅದೂ ಒಂಥರಾ ಕಷ್ಟ.

ಹಗಲಲ್ಲಾದ್ರೆ 1962ಕ್ಕೆ ಫೋನ್ ಮಾಡಿದ್ರೆ ಪಶು ಆಸ್ಪತ್ರೆ ಗಾಡಿಯವರು ಸಿಗ್ತಾರೆ. ಆದ್ರೆ ವಿಷ, ಹಾವು ಅಂದಾಗ ಗಾಡಿಗೆ ಕಾಯೋಕಿಂತ ನಾವೇ ಹೊರಟು ದಾರೀಲಿ ಫೋನ್ ಮಾಡೋದು ವಾಸಿ. ನಮ್ಮ ಪಂಪ್‌ಸೆಟ್ ಸ್ಟಾರ್ಟರ್ ಡಬ್ಬಿ ಮುಚ್ಚಳದ ಒಳಗೆ ಲೈನ್‌ಮನ್ ನಂಬರ್ ಬರೆದಿಟ್ಟಿದ್ದೀನಿ. ಅದರ ಕೆಳಗೆ ಈಗ ಇಬ್ಬರು ಪಶು ವೈದ್ಯರ ನಂಬರ್ ಸೇರಿಸಿದ್ದೀನಿ, ಅದರಲ್ಲಿ ಒಬ್ಬರಷ್ಟೇ ರಾತ್ರಿ ಎತ್ತೋದು. ನಮ್ಮ ಹೋಬಳಿ ಸುತ್ತ ರಾತ್ರಿ ಫೋನ್ ಎತ್ತುವ ಇನ್ನೊಬ್ಬರು ನಿಮಗೆ ಗೊತ್ತಿದ್ರೆ, ಅವರನ್ನ ಮೊದಲು ಒಂದು ಮಾತು ಕೇಳಿ ನನಗೆ ತಿಳಿಸಿ.