ಆನ್‌ಲೈನ್ ಅಂಗಡಿಯ ಲಾಭದಲ್ಲಿ ಅವ್ವನ ಕೂಲಿ ಎಲ್ಲಿದೆ?

ಕಳೆದ ತಿಂಗಳ ಒಂದು ಭಾನುವಾರ ಬೆಳಗ್ಗೆ ಧಾರವಾಡದಿಂದ ಅಕ್ಕನ ಮಗಳು ಕರೆ ಮಾಡಿದ್ದಳು. ಅವಳಿಗೆ ಮದುವೆ ಗೊತ್ತಾಗಿದೆ. ಹುಡುಗ ಎಚ್-1ಬಿ ವೀಸಾದ ಮೇಲೆ ಟೆಕ್ಸಾಸಿನಲ್ಲಿ ನೌಕರಿಯಲ್ಲಿದ್ದಾನೆ. ಮದುವೆಯಾಗುತ್ತಲೇ ಇವಳು ಹುಬ್ಬಳ್ಳಿಯ ಬ್ಯಾಂಕಿನ ಕೆಲಸಕ್ಕೆ ರಾಜೀನಾಮೆ ಕೊಟ್ಟು ಹೊರಡುವವಳು. "ಚಿಗವ್ವಾ, ನೀ ಕಸೂತಿ ಮಾರ್ತಿದ್ದೆಲ್ಲ, ಹಂಗ ನಾನೂ ಅಲ್ಲಿ ಬಂದ ಮ್ಯಾಲೆ ಆನ್‌ಲೈನ್ ಅಂಗಡಿ ತಗೀತೀನಿ. ಮನ್ಯಾಗ ಕುಂತ ಡಾಲರ್ ಗಳಿಸಬಹುದು ಅಂತಾರ ಎಲ್ಲಾರೂ" ಎಂದಳು. ಅಷ್ಟೇ ಅಲ್ಲ, ಇಪ್ಪತ್ತು ಕಸೂತಿ ದುಪಟ್ಟಾಗಳಿಗೆ ಈಗಾಗಲೇ ಮುಂಗಡ ಕೊಟ್ಟಾಗಿದೆ.

'ಎಲ್ಲಾರೂ' ಎಂದರೆ ಯಾರು ಎಂದು ನಾನು ಕೇಳಲಿಲ್ಲ. ಆ ಎಲ್ಲರಲ್ಲಿ ನಾನೂ ಒಬ್ಬಳು. 2021ರಲ್ಲಿ ನ್ಯೂಜೆರ್ಸಿಯ ನಮ್ಮ ಮನೆಯ ಊಟದ ಮೇಜಿನ ಮೇಲೆ ಅಂಗಡಿ ತೆರೆದಾಗ, ಮೊದಲ ದುಪಟ್ಟಾ 60 ಡಾಲರಿಗೆ ಮಾರಾಟವಾದ ಸುದ್ದಿಯನ್ನು ಊರಿಗೆಲ್ಲ ಫೋನು ಮಾಡಿ ಹೇಳಿದವಳು ನಾನೇ. ಅರವತ್ತನ್ನು ರೂಪಾಯಿಗೆ ಗುಣಿಸಿ ಊರಿನವರು ಬೆರಗಾದರು. ಕಳೆಯುವ ಲೆಕ್ಕವನ್ನು ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಆ ಲೆಕ್ಕವನ್ನು ಈಗ ಇಲ್ಲಿ ಹೇಳಬೇಕಾಗಿದೆ.

ಕೈಕೆಲಸದ ವಸ್ತುಗಳಿಗೆ ಹೆಸರಾದ ಎಟ್ಸಿ ತಾಣದ ಪ್ರಕಟಿತ ದರಗಳನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಒಂದು ವಸ್ತುವನ್ನು ಪಟ್ಟಿಗೆ ಸೇರಿಸಲು 20 ಸೆಂಟು. ನಾಲ್ಕು ತಿಂಗಳಲ್ಲಿ ಮಾರಾಟವಾಗದಿದ್ದರೆ ಮತ್ತೆ 20 ಸೆಂಟು. ಮಾರಾಟವಾದರೆ ಬೆಲೆಯ ಮೇಲೆ ಶೇ 6.5 ದಲ್ಲಾಳಿ. 2022ರ ಏಪ್ರಿಲ್‌ವರೆಗೆ ಇದು ಶೇ 5 ಇತ್ತು. ಹಣ ಪಾವತಿಯ ವ್ಯವಸ್ಥೆಗೆಂದು ಇನ್ನೂ ಶೇ 3, ಜೊತೆಗೆ 25 ಸೆಂಟು. ಇನ್ನು ತಾಣವು ಹೊರಗಡೆ ಹಾಕಿದ ಜಾಹೀರಾತನ್ನು ಒತ್ತಿ ಬಂದ ಗಿರಾಕಿ ಕೊಂಡರೆ ಮತ್ತೂ ಶೇ 15. ವರ್ಷದ ಮಾರಾಟ 10,000 ಡಾಲರ್ ದಾಟದ ಸಣ್ಣವರು ಈ ಜಾಹೀರಾತು ಬೇಡವೆನ್ನಬಹುದು. ದಾಟಿದವರಿಗೆ ದರ ಶೇ 12ಕ್ಕೆ ಇಳಿಯುತ್ತದೆ, ಆದರೆ ಬೇಡವೆನ್ನುವ ಆಯ್ಕೆ ಇರುವುದಿಲ್ಲ. ಅಮೆಜಾನ್‌ನಲ್ಲಿ ಮಾರುವವರು ಹಲವು ವಿಭಾಗಗಳಲ್ಲಿ ಶೇ 15ರಷ್ಟು ಕೊಡಬೇಕು. ಉಗ್ರಾಣದ ಸೇವೆ ಬೇಕಾದರೆ ಅದರ ಬಾಡಿಗೆ ಬೇರೆ.

ಈಗ ನನ್ನ 60 ಡಾಲರಿನ ದುಪಟ್ಟಾ. ಅದನ್ನು ಧಾರವಾಡದಲ್ಲಿ ಕೊಂಡದ್ದು 2,200 ರೂಪಾಯಿಗೆ. ಡಾಲರಿಗೆ 85 ರೂಪಾಯಿಯ ಲೆಕ್ಕದಲ್ಲಿ ಸುಮಾರು 26 ಡಾಲರ್. ತಾಣದ ಪಾಲು, ಜಾಹೀರಾತು ಬಿಟ್ಟು, 6 ಡಾಲರ್ 15 ಸೆಂಟು. ಇಲ್ಲಿನ ಅಂಚೆಗೆ 6, ಪೊಟ್ಟಣಕ್ಕೆ 1, ಊರಿನಿಂದ ಒಟ್ಟಾಗಿ ತರಿಸುವ ಖರ್ಚಿನಲ್ಲಿ ಇದರ ಪಾಲು 5. ಎಲ್ಲ ಕಳೆದರೆ ಕೈಯಲ್ಲಿ ನಿಲ್ಲುವುದು 15 ಡಾಲರ್ 85 ಸೆಂಟು. ಗಿರಾಕಿ ಜಾಹೀರಾತಿನ ದಾರಿಯಿಂದ ಬಂದವನಾದರೆ 6 ಡಾಲರ್ 85 ಸೆಂಟು. ಒಂದು ದುಪಟ್ಟಾದ ಚಿತ್ರ ತೆಗೆದು, ವಿವರ ಬರೆದು, "ಈ ಕೆಂಪು ಬಣ್ಣ ಎಷ್ಟು ಕೆಂಪು?" ಎಂಬಂಥ ಪ್ರಶ್ನೆಗಳಿಗೆ ಉತ್ತರಿಸಿ, ಇಸ್ತ್ರಿ ಮಾಡಿ, ಕಟ್ಟಿ, ಅಂಚೆಗೆ ಹಾಕಿ ಬರಲು ನನಗೆ ಕಡಿಮೆಯೆಂದರೆ ಒಂದೂವರೆ ಗಂಟೆ ಹಿಡಿಯುತ್ತಿತ್ತು. 2025ರಲ್ಲಿ ನ್ಯೂಜೆರ್ಸಿಯಲ್ಲಿ ಬಹುತೇಕ ನೌಕರರ ಕನಿಷ್ಠ ಕೂಲಿ ಗಂಟೆಗೆ 15.49 ಡಾಲರ್. ಪಕ್ಕದ ಕಿರಾಣಿ ಅಂಗಡಿಯಲ್ಲಿ ಅಷ್ಟೇ ಹೊತ್ತು ನಿಂತಿದ್ದರೆ ನನಗೆ 23 ಡಾಲರ್ ಸಿಗುತ್ತಿತ್ತು. ದುಪಟ್ಟಾ ಹಿಂತಿರುಗಿ ಬಂದೀತೆಂಬ ಭಯವೂ ಇರುತ್ತಿರಲಿಲ್ಲ.

ಹಿಂತಿರುಗಿ ಬರುವುದರ ಬಗ್ಗೆ ಊರಿನವರಿಗೆ ಅಂದಾಜಿಲ್ಲ. ಇಲ್ಲಿನ ಗಿರಾಕಿಗೆ ಕೊಂಡದ್ದನ್ನು ಮರಳಿಸುವುದು ಕೊಳ್ಳುವಷ್ಟೇ ಸಹಜ. ಒಬ್ಬಾಕೆ ನವಿಲಿನ ಕಸೂತಿಯಲ್ಲಿ ಒಂದು ನವಿಲು ಇನ್ನೊಂದಕ್ಕಿಂತ ತುಸು ಗಿಡ್ಡವಾಗಿದೆ ಎಂದು ವಾಪಸು ಕಳಿಸಿದಳು. ಕಸೂತಿ ಎಂದರೆ ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳದೆ, ಎಳೆಗಳನ್ನು ಎಣಿಸುತ್ತ ಹಾಕುವ ಹೊಲಿಗೆ, ಗಂಟು ಕಾಣಬಾರದು. ಗವಂತಿ, ಮುರ್ಗಿ ಹೊಲಿಗೆಗಳಲ್ಲಿ ಎರಡೂ ಬದಿ ಒಂದೇ ತೆರನಾಗಿ ಕಾಣಬೇಕು. ಒಂದು ಸೆರಗಿನ ಗೋಪುರ, ತೇರು, ತುಳಸಿಕಟ್ಟೆಗಳಿಗೆ ದಿನಗಟ್ಟಲೆ ಕಣ್ಣು ಸವೆಯುತ್ತದೆ. ಅದೇ ತಾಣದ ಅದೇ ಪುಟದಲ್ಲಿ, ಯಂತ್ರದಲ್ಲಿ ಅಚ್ಚು ಹಾಕಿದ 'ಕಸೂತಿ' 18 ಡಾಲರಿಗೆ ಇರುತ್ತದೆ. ಚಿತ್ರದಲ್ಲಿ ಎರಡಕ್ಕೂ ವ್ಯತ್ಯಾಸ ಕಾಣದು. ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದರೆ ಮಾತ್ರ ಕಾಣುವ ಗುಣವನ್ನು ತೆರೆಯ ಮೇಲೆ ಮಾರಲು ಹೊರಟದ್ದೇ ನನ್ನ ಮೊದಲ ತಪ್ಪು ಎಂದು ಈಗ ಅನ್ನಿಸುತ್ತದೆ.

ಎರಡನೆಯ ತಪ್ಪು ಅದಕ್ಕಿಂತ ದೊಡ್ಡದು.

ಮೊದಲ ಎರಡು ವರ್ಷಗಳಲ್ಲಿ ನಾನು ಸುಮಾರು 150 ಕಸೂತಿ ವಸ್ತುಗಳನ್ನು ಮಾರಿದೆ. ವಾಪಸಾದವು, ಜಾಹೀರಾತು ಎಲ್ಲವನ್ನೂ ಕಳೆದು ಉಳಿದದ್ದು 1,870 ಡಾಲರ್. ಅಂದಿನ ದರದಲ್ಲಿ ಒಂದೂವರೆ ಲಕ್ಷ ರೂಪಾಯಿಯ ಆಸುಪಾಸು. ಕಡಿಮೆಯಾದರೂ ಲಾಭವೇ ತಾನೆ ಎಂದು ಸಮಾಧಾನಪಟ್ಟುಕೊಂಡಿದ್ದೆ. ಊರಿಗೆ ಹೋದಾಗ ಅವ್ವನ ಪಡಸಾಲೆಯ ಮಾಡದಲ್ಲಿ, ಹಾಲಿನ ಲೆಕ್ಕದ ಪುಸ್ತಕದ ಕೆಳಗೆ, ಇನ್ನೊಂದು ನೋಟುಬುಕ್ಕು ಸಿಕ್ಕಿತು. ಆಟೊ 80, ಇಸ್ತ್ರಿ 120, ಪ್ಲಾಸ್ಟಿಕ್ ಚೀಲ 30, ಅಂಚೆಯ ಹುಡುಗನಿಗೆ ಚಹಾ 10 — ಹೀಗೆ ವಾರವಾರವೂ ಅವ್ವನ ದುಂಡನೆಯ ಅಕ್ಷರ. ಅಲ್ಲೇ ಕೂತು ಕೂಡಿಸಿದೆ: 31,640 ರೂಪಾಯಿ. ಅವ್ವ ಒಂದು ದಿನವೂ ಅದನ್ನು ನನಗೆ ಹೇಳಿರಲಿಲ್ಲ. ಅಪ್ಪನ ಪಿಂಚಣಿಯಿಂದ ಹೋದ ಹಣ ಅದು. ಬರೆದಿಟ್ಟದ್ದು ಕೇಳಬೇಕೆಂದಲ್ಲ, ಲೆಕ್ಕ ಇಡುವುದು ಅವಳ ಸ್ವಭಾವ.

ಆ ಪುಸ್ತಕದಲ್ಲಿ ಅವ್ವನ ಕೂಲಿ ಇರಲಿಲ್ಲ. ವಾರಕ್ಕೊಂದು ದಿನ ಕಸೂತಿಯ ಹೆಣ್ಣುಮಕ್ಕಳ ಮನೆಗೆ ಹೋಗಿ, ಹೊಲಿಗೆ ತಿರುಗಿಸಿ ನೋಡಿ, ತಪ್ಪಿದ್ದನ್ನು ಬಿಡಿಸಿ ಹಾಕಿಸಿ, ಮನೆಗೆ ತಂದು ಮಡಚಿ, ಮಂಡಿನೋವಿನಲ್ಲಿ ಅಂಚೆ ಕಚೇರಿಯ ಸಾಲಿನಲ್ಲಿ ನಿಂತವಳು ಅವಳು. ಎರಡು ವರ್ಷಕ್ಕೆ ನೂರು ದಿನ. ದಿನಕ್ಕೆ 500 ರೂಪಾಯಿಯಂತೆ ಹಿಡಿದರೂ ಐವತ್ತು ಸಾವಿರ. ಅದನ್ನೂ, ನೋಟುಬುಕ್ಕಿನ ಮೊತ್ತವನ್ನೂ ಕಳೆದಾಗ ನನ್ನ ಸ್ವಂತ ದುಡಿಮೆಗೆ ಗಂಟೆಗೆ ನಾಲ್ಕು ಡಾಲರೂ ಬೀಳಲಿಲ್ಲ. ಅಮೆರಿಕದಲ್ಲಿ ಸಣ್ಣ ಆನ್‌ಲೈನ್ ಅಂಗಡಿ ನಡೆಸುವ ನಮ್ಮವರ ಪೈಕಿ ನಾನು ಬಲ್ಲ ಬಹುತೇಕರ ಲಾಭ ಇಂಥದೇ. ಊರಿನಲ್ಲಿ ಒಬ್ಬ ಅವ್ವ, ಅತ್ತೆ ಅಥವಾ ನೌಕರಿ ಸಿಗದ ತಮ್ಮ ಪುಕ್ಕಟೆಯಾಗಿ ದುಡಿಯುತ್ತಿರುತ್ತಾರೆ, ಅವರ ಕೂಲಿಯೇ ಇಲ್ಲಿ ಲಾಭವೆಂಬ ಹೆಸರು ಪಡೆಯುತ್ತದೆ.

ಇನ್ನೊಂದು ಮಾತನ್ನು ನಾಚಿಕೆಯಿಂದಲೇ ಬರೆಯುತ್ತೇನೆ. ಮೊದಲ ಎರಡು ಪೊಟ್ಟಣಗಳ ಸುಂಕದ ಚೀಟಿಯಲ್ಲಿ ಅವ್ವ 'ಉಡುಗೊರೆ' ಎಂದು ಬರೆದದ್ದು ನಾನು ಹೇಳಿದ್ದರಿಂದ. ಎಲ್ಲರೂ ಹಾಗೇ ಬರೆಯುತ್ತಾರೆಂದು ಯಾರೋ ಹೇಳಿದ್ದರು. ಮಾರಲೆಂದು ತರಿಸುವ ಸರಕು ಉಡುಗೊರೆಯಲ್ಲ. ಆ ಚೀಟಿ ಸುಳ್ಳು ಘೋಷಣೆ. ಕೆಳಗೆ ಸಹಿ ಮಾಡುವವರು ಇಲ್ಲಿ ಕೂತ ನಾವಲ್ಲ, ಅರವತ್ತೆಂಟರ ಅವ್ವ. ವ್ಯಾಪಾರಕ್ಕಾಗಿ ಭಾರತದಿಂದ ಸರಕು ಕಳಿಸುವವರಿಗೆ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ ಆಮದು-ರಫ್ತು ಸಂಕೇತ ಸಂಖ್ಯೆ ಬೇಕೆಂಬುದು ನನಗೆ ತಿಳಿದದ್ದು ಆಮೇಲೆ. ಈ ಅಂಕಣವನ್ನು ಊರಿನಲ್ಲಿ ಕೂತು ಓದುತ್ತಿರುವ ಹಿರಿಯರು, ಮಕ್ಕಳು ಹೀಗೆ ಬರೆಯಲು ಹೇಳಿದರೆ ದಯವಿಟ್ಟು ಒಪ್ಪಬೇಡಿ.

ಈಗಂತೂ ದಾರಿ ಇನ್ನಷ್ಟು ಕಿರಿದಾಗಿದೆ. 800 ಡಾಲರಿನೊಳಗಿನ ಪೊಟ್ಟಣಗಳಿಗೆ ಇದ್ದ ಸುಂಕ ವಿನಾಯಿತಿಯನ್ನು ಅಮೆರಿಕ 2025ರ ಆಗಸ್ಟ್ 29ರಿಂದ ನಿಲ್ಲಿಸಿತು. ಅದಕ್ಕೆ ಎರಡು ದಿನ ಮೊದಲು ಭಾರತದ ಅನೇಕ ಸರಕುಗಳ ಮೇಲಿನ ಹೆಚ್ಚುವರಿ ಸುಂಕ ಶೇ 50ಕ್ಕೆ ಏರಿತ್ತು. ಗೊಂದಲದಲ್ಲಿ ಭಾರತೀಯ ಅಂಚೆ ಇಲಾಖೆಯು ಅಮೆರಿಕಕ್ಕೆ ಸರಕಿನ ಪೊಟ್ಟಣ ಸ್ವೀಕರಿಸುವುದನ್ನೇ ಕೆಲಕಾಲ ನಿಲ್ಲಿಸಿ, ಅಕ್ಟೋಬರಿನಲ್ಲಿ ಮತ್ತೆ ಆರಂಭಿಸಿತು. ಆ ದರವಿದ್ದಾಗ 26 ಡಾಲರಿನ ದುಪಟ್ಟಾಕ್ಕೆ ಹೆಚ್ಚುವರಿ ಸುಂಕವೊಂದೇ 13 ಡಾಲರ್ ಆಗುತ್ತಿತ್ತು. ಆಗ ನನ್ನ 15.85ರಲ್ಲಿ ಉಳಿಯುತ್ತಿದ್ದುದು 2 ಡಾಲರ್ 85 ಸೆಂಟು. ಸುಂಕದ ದರ ಏರಬಹುದು, ಇಳಿಯಬಹುದು. ನೂರು ತುಂಡಿನ ಬಂಡವಾಳ ಹಾಕಿದ ಸಣ್ಣ ವ್ಯಾಪಾರಿಗೆ ಅದನ್ನು ತಾಳಿಕೊಂಡು ಕೂಡುವ ಶಕ್ತಿ ಇರುವುದಿಲ್ಲ. ಚನ್ನಪಟ್ಟಣದ ಗೊಂಬೆ ತರಿಸೋಣವೆಂದು ಹೊರಡುವವರಿಗೆ ಇನ್ನೊಂದು ತೊಡಕಿದೆ. ಹನ್ನೆರಡು ವರ್ಷದೊಳಗಿನ ಮಕ್ಕಳ ಆಟಿಕೆಗೆ ಇಲ್ಲಿ ಸುರಕ್ಷತಾ ಪರೀಕ್ಷೆಯ ಪ್ರಮಾಣಪತ್ರ ಬೇಕು. ಅದರ ಹೊಣೆ ಆಮದು ಮಾಡಿಕೊಳ್ಳುವವರದು.

ಅಕ್ಕನ ಮಗಳ ವಿಷಯದಲ್ಲಿ ಇವೆಲ್ಲಕ್ಕಿಂತ ಮೊದಲು ಬರುವ ಪ್ರಶ್ನೆ ವೀಸಾದ್ದು. ಅವಳು ಬರುವುದು ಎಚ್-4 ಅವಲಂಬಿತ ವೀಸಾದ ಮೇಲೆ. 2015ರ ಮೇ ತಿಂಗಳಿಂದ ಎಚ್-4ನವರಲ್ಲಿ ಕೆಲವರಿಗೆ ಕೆಲಸದ ಅನುಮತಿ ಸಿಗುತ್ತಿದೆ. ಮುಖ್ಯವಾಗಿ, ಗಂಡ ಅಥವಾ ಹೆಂಡತಿಯ ಗ್ರೀನ್ ಕಾರ್ಡಿನ ಹಾದಿಯಲ್ಲಿ ಐ-140 ಅರ್ಜಿ ಮಂಜೂರಾದವರಿಗೆ. ಆ ಅನುಮತಿ ಇಲ್ಲದೆ ಲಾಭಕ್ಕಾಗಿ ಅಂಗಡಿ ನಡೆಸಿದರೆ ಅದು ಅನಧಿಕೃತ ದುಡಿಮೆ. ಮನೆಯಲ್ಲೇ ಕೂತು ಮಾಡಿದರೂ, ಹಣ ಊರಿನ ಖಾತೆಗೆ ಹೋದರೂ ಅಷ್ಟೇ. ಗಂಡನ ಹೆಸರಿನಲ್ಲಿ ತೆರೆಯುವ ಉಪಾಯವೂ ನಿಲ್ಲದು. ಎಚ್-1ಬಿಯವರು ತಮಗೆ ವೀಸಾ ಮಾಡಿಸಿಕೊಟ್ಟ ಸಂಸ್ಥೆಗೆ ಮಾತ್ರ ದುಡಿಯಬೇಕು. ಓದಲು ಬರುವ ವಿದ್ಯಾರ್ಥಿಗಳಿಗೂ ಇಂಥ ಅಂಗಡಿ ಅಪಾಯವೇ. ನನಗೆ ಆಗ ಅನುಮತಿ ಪತ್ರವಿತ್ತು, ಅದೃಷ್ಟ. ಇದ್ದವರಿಗೂ ಈಗ ಆತಂಕ ತಪ್ಪಿಲ್ಲ: 2025ರ ಅಕ್ಟೋಬರ್ 30ರಿಂದ ಸಲ್ಲಿಸುವ ನವೀಕರಣದ ಅರ್ಜಿಗಳಿಗೆ ಹಳೆಯ ಪತ್ರ ತಾನಾಗಿ ಮುಂದುವರಿಯುವ ಸೌಲಭ್ಯ ರದ್ದಾಗಿದೆ. ಹೊಸ ಪತ್ರ ಬರುವುದು ತಡವಾದರೆ ಅಂಗಡಿಯ ಬಾಗಿಲು ಹಾಕಿ ಕೂಡಬೇಕು. ನಾಲ್ಕು ದುಪಟ್ಟಾದ ಆಸೆಗೆ ಗ್ರೀನ್ ಕಾರ್ಡಿನ ಅರ್ಜಿಯನ್ನು ಪಣಕ್ಕಿಡುವುದು ಎಂಥ ವ್ಯಾಪಾರ? ತೆರಿಗೆಯ ಮಾತನ್ನು ಒಂದೇ ಸಾಲಿನಲ್ಲಿ ಮುಗಿಸುತ್ತೇನೆ: ಸ್ವಂತ ದುಡಿಮೆಯ ನಿವ್ವಳ ಆದಾಯ ವರ್ಷಕ್ಕೆ 400 ಡಾಲರ್ ಮುಟ್ಟಿದರೆ, ಆದಾಯ ತೆರಿಗೆಯಲ್ಲದೆ ಶೇ 15.3ರ ಸ್ವಉದ್ಯೋಗ ತೆರಿಗೆಯೂ ಇದೆ.

ಹಾಗಾದರೆ ಯಾರಿಗೂ ಲಾಭವಿಲ್ಲವೇ? ಇದೆ. ನಮ್ಮ ಊರಿನಲ್ಲೇ ರವಿಕೆ ಹೊಲಿಯುವ ಗೆಳತಿಯೊಬ್ಬಳಿದ್ದಾಳೆ. ಅವಳು ಸರಕು ಇಟ್ಟುಕೊಳ್ಳುವುದಿಲ್ಲ. ಬಟ್ಟೆ ಗಿರಾಕಿಯದು, ಅಳತೆ ಎದುರಿಗೇ ತೆಗೆಯುತ್ತಾಳೆ, ಅರ್ಧ ಹಣ ಮೊದಲೇ. ಆನ್‌ಲೈನ್ ಎಂದರೆ ಅವಳಿಗೆ ವಾಟ್ಸ್ಆಪ್ ಗುಂಪು ಮಾತ್ರ; ದಲ್ಲಾಳಿಯೂ ಇಲ್ಲ, ಅಂಚೆಯೂ ಇಲ್ಲ. ದೀಪಾವಳಿಗೆ ಎರಡು ತಿಂಗಳು ಮೊದಲೇ ಅವಳ ದಿನಗಳು ತುಂಬಿರುತ್ತವೆ. ಅವಳು ಮಾರುವುದು ಬೇರೆಯವರು ಅರ್ಧ ಬೆಲೆಗೆ ಕೊಡಲಾಗದ ಕೌಶಲವನ್ನು. ನಾನು ಮಾರುತ್ತಿದ್ದುದು ಬೇರೆಯವರ ಕೌಶಲವನ್ನು, ಅದೂ ಅವರಿಗೆ ಸಲ್ಲಬೇಕಾದಷ್ಟು ಕೊಡದೆ. ಕಸೂತಿಯ ಹೆಣ್ಣುಮಕ್ಕಳಿಗೆ ಕೂಲಿ ಹೆಚ್ಚಿಸಿ ಎಂದು ಅವ್ವ ಎರಡು ಸಲ ಹೇಳಿದಾಗ, ಮುಂದಿನ ಹಬ್ಬಕ್ಕೆ ನೋಡೋಣ ಎಂದಿದ್ದೆ.

ಈಗ ನಾನು ಪಟ್ಟಿಯ ಅಂಗಡಿಯನ್ನು ಮುಚ್ಚಿದ್ದೇನೆ. ಹಳೆಯ ಗಿರಾಕಿಗಳು ಏಳೆಂಟು ಮಂದಿ ನೇರವಾಗಿ ಕೇಳುತ್ತಾರೆ. ಊರಿಗೆ ಹೋಗಿ ಬರುವಾಗ ಅವರ ಬೇಡಿಕೆಯಷ್ಟನ್ನೇ ತರುತ್ತೇನೆ. ವಿಮಾನ ನಿಲ್ದಾಣದಲ್ಲಿ ಮಾರಾಟದ ಸರಕೆಂದೇ ಘೋಷಿಸಿ, ಸುಂಕ ಕಟ್ಟಿ, ಅದನ್ನು ಬೆಲೆಗೆ ಸೇರಿಸುತ್ತೇನೆ. ಬೆಲೆ 60 ಅಲ್ಲ, 95 ಡಾಲರ್. ಕೇಳಿ ಸುಮ್ಮನಾಗುವವರೂ ಇದ್ದಾರೆ.

ಅಕ್ಕನ ಮಗಳಿಗೆ ಇಷ್ಟನ್ನೂ ಹೇಳಿದೆ. ರಾಜೀನಾಮೆ ಬರೆಯುವ ಮೊದಲು, ಹುಡುಗನ ಐ-140 ಯಾವ ಹಂತದಲ್ಲಿದೆಯೆಂದು ಕೇಳು ಎಂದೆ. ಮಂಜೂರಾಗಿಲ್ಲವಾದರೆ, ಸಂಬಳವಿಲ್ಲದ ರಜೆ ಎಷ್ಟು ದಿನ ಸಿಗುತ್ತದೆಂದು ಬ್ಯಾಂಕಿನಲ್ಲಿ ವಿಚಾರಿಸು ಎಂದೆ. ಅವಳು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಅದನ್ನ ಕೇಳಿದ್ರ ಅವರ ಮನ್ಯಾಗ ತಪ್ಪು ತಿಳ್ಕೊಳ್ಳೂದಿಲ್ಲೇನ ಚಿಗವ್ವಾ?" ಎಂದಳು. ತಿಳಿದುಕೊಳ್ಳಬಹುದು. ಆದರೂ ಕೇಳು ಎಂದೆ.

ಎರಡು ದಿನದ ಮೇಲೆ ಸಂದೇಶ ಬಂತು. ಹುಡುಗ ತಪ್ಪು ತಿಳಿಯಲಿಲ್ಲವಂತೆ. ಅರ್ಜಿಯನ್ನು ಇನ್ನೂ ಹಾಕಿಯೇ ಇಲ್ಲವಂತೆ. ಬ್ಯಾಂಕಿನ ಉತ್ತರಕ್ಕೆ ಕಾಯುತ್ತಿದ್ದಾಳೆ. ಮುಂಗಡ ಕೊಟ್ಟ ಇಪ್ಪತ್ತು ದುಪಟ್ಟಾಗಳ ಪೈಕಿ ಹನ್ನೆರಡರ ಕೆಲಸ ಮುಗಿದಿದೆ, ಹೊಲಿದವರಿಗೆ ಪೂರ್ತಿ ಹಣ ಕೊಡಲೇಬೇಕು. ಅವನ್ನು ಧಾರವಾಡದಲ್ಲೇ ಬ್ಯಾಂಕಿನ ಸಹೋದ್ಯೋಗಿಗಳಿಗೆ ಮಾರಲು ನೋಡುತ್ತೇನೆ ಎಂದಿದ್ದಾಳೆ. ಅವಳು ಇಟ್ಟಿರುವ ಬೆಲೆ 2,600 ರೂಪಾಯಿ. ಮೊದಲ ದಿನವೇ ಮೂರು ಹೋದವಂತೆ.